ತಲೆಗಳು ಅಂಚೆಯಲ್ಲಿ ಹೋಗುವುದಿಲ್ಲ

ಸವನ್ನಖೇತ್, ಲಾವೋಸ್
೧೨ ಸೆಪ್ಟೆಂಬರ್ ೨೦೧೩

ಡಾಂಗ್ ಗುರುಗಳಿಗೆ,

ಎಷ್ಟು ಸಲ ಫೋನ್ ಮಾಡಿದರೂ ತಿಯಾನ್ ಚಿಕ್ಕಪ್ಪನೇ ಎತ್ತಿಕೊಂಡು, "ಗುರುಗಳು ಹಿತ್ತಲಿಗೆ ಹೋಗಿದಾರೆ ಕಣಮ್ಮ" ಅನ್ನುತ್ತಾರೆ. ನಿಮ್ಮ ಹೊಟ್ಟೆ ಕೆಟ್ಟಿದೆಯೋ, ನನ್ನ ಮೇಲೆ ಮನಸ್ಸು ಕೆಟ್ಟಿದೆಯೋ ತಿಳಿಯಲಿಲ್ಲ. ಅದಕ್ಕೇ ಕಾಗದ. ನೀವು ಹಿತ್ತಲಿನಿಂದ ಬರುವ ತನಕ ಕಾಯುವ ತಾಳ್ಮೆ ಕಾಗದಕ್ಕಿದೆ.

ನಾನು ಈಗ ಪೂರ್ತಿ ಮೇಷ್ಟ್ರಮ್ಮ. ಬೆಳಿಗ್ಗೆ ಮಕ್ಕಳಿಗೆ ಚೀನೀ ಅಕ್ಷರ, ಸಂಜೆ ದೊಡ್ಡವರಿಗೆ ಚೀನೀ ಮಾತು. ದೊಡ್ಡವರೆಲ್ಲ ನಮ್ಮವರ ರಸ್ತೆ ಕಂಪನಿಯಲ್ಲಿ ಕೆಲಸ ಸಿಗಲಿ ಎಂದು ಬರುವವರು. "ಸಂಬಳ ಯಾವಾಗ?" ಎಂಬ ವಾಕ್ಯವನ್ನು ಎಷ್ಟು ಸ್ಪಷ್ಟವಾಗಿ ಹೇಳುತ್ತಾರೆ ಎಂದರೆ ನನಗೇ ಹೆಮ್ಮೆ. ನಮ್ಮ ಭಾಷಾ ಕೇಂದ್ರದ ನಿರ್ದೇಶಕ ಚಿಯಾವ್ ಅವರಿಗೆ ಇಷ್ಟು ಸಾಲದು. "ಭಾಷೆ ಬಾಗಿಲು ಅಷ್ಟೇ ಯೂಚಿನ್, ಒಳಗೆ ಕೂರ್ಸಿ ಊಟಕ್ಕೆ ಹಾಕೋದು ಸಂಸ್ಕೃತಿ" ಅನ್ನುತ್ತಾರೆ. ಊಟಕ್ಕೆಂದು ಬೀಜಿಂಗಿನಿಂದ ಒಂದು ಪೆಟ್ಟಿಗೆ ತೊಗಲುಬೊಂಬೆ ಬಂತು. ತೊಗಲು ಎಲ್ಲಿ, ಪ್ಲಾಸ್ಟಿಕ್. ಸೇನಾಪತಿಗೂ ಸೊಸೆಗೂ ಒಂದೇ ಮೂಗು. ದೀಪದ ಹತ್ತಿರ ಹಿಡಿದರೆ ಸೇನಾಪತಿ ಸುಟ್ಟ ವಾಸನೆ ಹೊಡೆಯುತ್ತಾನೆ.

ಹೊಸ ವರ್ಷದ ನಮ್ಮ ವಸಂತ ಹಬ್ಬಕ್ಕೆ ಇಲ್ಲಿ ದೊಡ್ಡ ಕಾರ್ಯಕ್ರಮ. ನಿಮ್ಮ ಪೆಟ್ಟಿಗೆಯ ಹಳೆಯ ಬೊಂಬೆಗಳನ್ನು ಕಳಿಸುತ್ತೀರಾ? ಹನ್ನೊಂದನೇ ವಯಸ್ಸಿನಿಂದ ನಿಮ್ಮ ಪರದೆಯ ಹಿಂದೆ ಕೂತವಳು ನಾನು. ತಿಯಾನ್ ಚಿಕ್ಕಪ್ಪ ಬೊಂಬೆ ಆಡಿಸುವುದನ್ನು ಪಕ್ಕದಲ್ಲೇ ನೋಡಿ ನೋಡಿ ಕೈಗೆ ಗೊತ್ತು. ಹಾಡಿಗೆ ಮಾತ್ರ ನಿಮ್ಮ ಕೊರಳೇ ಬೇಕು. ತಿಯಾನ್ ಚಿಕ್ಕಪ್ಪನ ಫೋನಿನಲ್ಲಿ ಒಂದು ಪ್ರಸಂಗ ಹಾಡಿ ಕಳಿಸಿ, ಸಾಕು.

ನಿಮ್ಮ ಶಿಷ್ಯೆ
ಯೂಚಿನ್

---

ಸಾನ್‌ಹೆ ಹಳ್ಳಿ, ವೇಯ್ ನದಿ ದಂಡೆ, ಚೀನಾ
೮ ಅಕ್ಟೋಬರ್ ೨೦೧೩

ಯೂಚಿನ್,

ನನ್ನ ಹೊಟ್ಟೆ ಚೆನ್ನಾಗಿದೆ, ಹಿತ್ತಲೂ ಚೆನ್ನಾಗಿದೆ. ಬೇಸಿಗೆಯಲ್ಲಿ ಕೊರಳಲ್ಲಿ ಸ್ವಲ್ಪ ಊತ ಕಂಡಿತು. ನಗರದ ವೈದ್ಯರು ಕೊಯ್ದು, ಹೊಲಿದು, ಮಾತನ್ನು ಕೆಲ ಕಾಲ ಒತ್ತೆ ಇಟ್ಟುಕೊಂಡಿದ್ದಾರೆ. ಗಾಬರಿ ಬೇಡ. ನಲವತ್ತು ವರ್ಷ ಊರೂರಲ್ಲಿ ಕಿರುಚಿದ ಕೊರಳು. ಅದಕ್ಕೂ ರಜೆ ಬೇಡವೇ? ಈಗ ನೂಡಲ್ಸ್ ಅಂಗಡಿಯವಳಿಗೆ ಬೆರಳಲ್ಲೇ ಹೇಳುತ್ತೇನೆ. ಮೊದಲಿಗಿಂತ ಖಾರದೆಣ್ಣೆ ಜಾಸ್ತಿ ಹಾಕುತ್ತಾಳೆ. ಮಾತಾಡದ ಗಿರಾಕಿಯನ್ನು ಕಂಡರೆ ಎಲ್ಲರಿಗೂ ಪ್ರೀತಿ.

ಹಾಡು ಕೇಳಬೇಡ. ಫೋನಿನೊಳಗೆ ಹಾಡಿಟ್ಟರೆ ನಿನ್ನೆಯ ಹಬೆರೊಟ್ಟಿಯ ಹಾಗೆ ಗಟ್ಟಿಯಾಗುತ್ತದೆ.

ಬೊಂಬೆ ಕಳಿಸುತ್ತೇನೆ. ಇಲ್ಲಿ ಬೇಸಿಗೆಯಿಂದ ಒಂದೂ ಆಟ ಆಗಿಲ್ಲ. ನಮ್ಮದೇ ಊರಲ್ಲಿ ಯಾರಿಗೂ ಬೇಡವಾದದ್ದನ್ನು ಸರಕಾರ ಪರದೇಶಕ್ಕೆ ಬಡಿಸುತ್ತದೆ ಎಂದರೆ ಸರಕಾರದ ಧೈರ್ಯ ದೊಡ್ಡದು. ತೊಗಲಿನವನ ಲೆಕ್ಕ ಕೇಳು:

ಇಲ್ಲಿ ದನ ಉಂಟು, ಜನವಿಲ್ಲ;
ಅಲ್ಲಿ ಜನ ಉಂಟು, ದನವಿಲ್ಲ.

ಈ ಕಾಗದದ ಜೊತೆ ಮೈಗಳು ಹೊರಟಿವೆ: ಸೇನಾಪತಿ, ಸೊಸೆ, ಮುದಿ ಅಧಿಕಾರಿ, ಕತ್ತೆ, ಕತ್ತೆಯ ಮೇಲೆ ಕೂರುವವ. ತಲೆಗಳು ಬರುವುದಿಲ್ಲ. ನಿನಗೆ ಗೊತ್ತೇ ಇದೆ. ಆಟ ಮುಗಿದ ಮೇಲೆ ತಲೆ ಕಿತ್ತು ಬೇರೆ ಗಂಟು ಕಟ್ಟದಿದ್ದರೆ ಪೆಟ್ಟಿಗೆಯೊಳಗೆ ಜೀವ ಬಂದು ಜಗಳಾಡುತ್ತವೆ. ತಲೆ ಮತ್ತು ಮೈ ಒಂದೇ ಪೊಟ್ಟಣದಲ್ಲಿ ಪ್ರಯಾಣ ಮಾಡಬಾರದು. ತಲೆಗಂಟು ಹಾಡುವವನ ಕೈಯಿಂದ ಶಿಷ್ಯರ ಕೈಗೆ ಹೋಗಬೇಕು. ನನ್ನ ಗುರು ನನಗೆ ಕೊಟ್ಟದ್ದು ಹಾಗೆ. ವಸಂತ ಹಬ್ಬಕ್ಕೆ ಊರಿಗೆ ಬಾ, ತೆಗೆದುಕೊಂಡು ಹೋಗು.

ಡಾಂಗ್

---

ಸವನ್ನಖೇತ್
೫ ನವೆಂಬರ್ ೨೦೧೩

ಗುರುಗಳೇ,

ಮೈಗಳು ಬಂದವು. ಅಂಚೆ ಕಚೇರಿಯವನು ಪೊಟ್ಟಣ ಬಿಚ್ಚಿಸಿ, ತಲೆಯಿಲ್ಲದ ಐವರನ್ನು ನೋಡಿ, "ಇವ್ರಿಗೆ ಏನಾಯ್ತು ಆಚಾನ್?" ಎಂದು ಕೇಳಿದ. ಇಲ್ಲಿ ಮೇಷ್ಟ್ರಿಗೆ ಆಚಾನ್ ಅನ್ನುತ್ತಾರೆ. "ಸಂಸ್ಕೃತಿ ಆಯ್ತು" ಎಂದೆ.

ಊತದ ವಿಷಯ ಯಾಕೆ ಮೊದಲೇ ಹೇಳಲಿಲ್ಲ? ನಾನು ಬಂದಾಗಿನಿಂದ ಚಿಕ್ಕಪ್ಪ ಎಷ್ಟು ಸುಳ್ಳು ಹೇಳಿದ್ದಾರೋ. ಸದ್ಯ, ಊತ ಅಷ್ಟೇ. ಮಾತು ಬಂದ ದಿನ ಮೊದಲ ಬೈಗುಳ ನನಗೇ ಮೀಸಲಿಡಿ.

ಹಬ್ಬಕ್ಕೆ ಬರಲಾಗುವುದಿಲ್ಲ. ಹಬ್ಬವೇ ನಮ್ಮ ಸುಗ್ಗಿ. ಊರವರೆಲ್ಲ ಮನೆಗೆ ಹೋಗುವ ದಿನ ನಾವು ಪರರ ಮನೆಗೆ ಹಬ್ಬ ಹೊತ್ತುಕೊಂಡು ಹೋಗಬೇಕು. ರಾಜಧಾನಿಯಿಂದ ರಾಯಭಾರ ಕಚೇರಿಯವರು ಬರುತ್ತಾರೆ, ಫೋಟೋ ಆಗಬೇಕು, ಕೆಂಪು ಬ್ಯಾನರ್ ಕಟ್ಟಬೇಕು. ನಾನು ರಜೆ ಅಂದದ್ದಕ್ಕೆ ಚಿಯಾವ್, "ನೀನು ಹೋದ್ರೆ ಬೊಂಬೆ ನಾನು ಆಡಿಸ್ಲಾ? ನಂಗೆ ಚಾಪ್‌ಸ್ಟಿಕ್ಕೇ ಸರಿ ಹಿಡಿಯಕ್ಕೆ ಬರಲ್ಲ" ಎಂದು ನಕ್ಕರು.

ದಯವಿಟ್ಟು ತಲೆಗಳನ್ನು ಅಂಚೆಗೆ ಹಾಕಿ. ಬೇರೆ ಪೊಟ್ಟಣ, ಬೇರೆ ದಿನ, ಶಾಸ್ತ್ರಕ್ಕೆ ಭಂಗವಿಲ್ಲ.

ವಿಲಾಯ್‌ವನ್ ಎಂಬ ವಿದ್ಯಾರ್ಥಿನಿ ಇದ್ದಾಳೆ. ಸಂತೆಯಲ್ಲಿ ಅವಳ ತಾಯಿ ಮೊಟ್ಟೆ ಸವರಿ ಸುಟ್ಟ ಅಂಟನ್ನದ ಉಂಡೆ ಮಾರುತ್ತಾಳೆ. ನೀವು ತಲೆ ಕೀಳುವಾಗ ಒಂದೊಂದರ ಕಿವಿಯಲ್ಲೂ ಏನೋ ಹೇಳುತ್ತಿದ್ದಿರಲ್ಲ, ಅದನ್ನು ತರಗತಿಯಲ್ಲಿ ಹೇಳಿದೆ. ಅವಳು ತಟ್ಟನೆ, "ಏನ್ ಹೇಳ್ತಿದ್ರು ಆಚಾನ್?" ಅಂದಳು. ನನಗೆ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಕೇಳಲೇ ಇಲ್ಲ ನೋಡಿ. ಏನು ಹೇಳುತ್ತಿದ್ದಿರಿ?

ಯೂಚಿನ್

---

ಸಾನ್‌ಹೆ
೨೮ ನವೆಂಬರ್ ೨೦೧೩

ಯೂಚಿನ್,

ಆ ಹುಡುಗಿ ಕೇಳಿದ್ದು ಒಳ್ಳೆಯ ಪ್ರಶ್ನೆ. ಉತ್ತರ ತಲೆಗಂಟಿನ ಜೊತೆಗೇ ಕೊಡುವಂಥದ್ದು. ಬಂದವರಿಗೆ ಹೇಳುತ್ತೇನೆ.

ತಲೆಗಳು ಅಂಚೆಯಲ್ಲಿ ಹೋಗುವುದಿಲ್ಲ. ಇನ್ನೊಮ್ಮೆ ಕೇಳಬೇಡ.

ಅಕ್ಷರ ಸೊಟ್ಟಗಿದೆ ಎಂದು ನಗಬೇಡ, ಚಳಿಗೆ ಮಸಿ ಹೆಪ್ಪುಗಟ್ಟಿದೆ. ಖಾರದೆಣ್ಣೆ ಬಿಟ್ಟಿದ್ದೇನೆ. ನೂಡಲ್ಸೂ ಬಿಟ್ಟು ಗಂಜಿಗೆ ಬಂದಿದ್ದೇನೆ. ಅಂಗಡಿಯವಳಿಗೆ ಬೇಜಾರು. ತಿಯಾನ್ ನನ್ನ ಮುಂದೆ ಕೂತು ತನ್ನ ಬಟ್ಟಲನ್ನೂ ನನ್ನ ಬಟ್ಟಲನ್ನೂ ತಾನೇ ಖಾಲಿ ಮಾಡಿ, "ನಿಮ್ಗೋಸ್ಕರ ನಾನು ದಪ್ಪ ಆಗ್ತಿದೀನಿ, ಸ್ವಲ್ಪನಾದ್ರೂ ನಾಚ್ಕೆ ಇರ್ಲಿ ನಿಮ್ಗೆ" ಅನ್ನುತ್ತಾನೆ.

ಫೋನ್ ಬಂದರೆ ಹೀಗೆ ಮಾಡೋಣ. ತಿಯಾನ್ ಫೋನ್ ಹಿಡಿಯಲಿ, ನಾನು ಆಟದಲ್ಲಿ ತಾಳಕ್ಕೆ ಹೊಡೆಯುವ ಕಂಚಿನ ಬಟ್ಟಲು ಬಾರಿಸುತ್ತೇನೆ. ಕೇಳಿಸಿದರೆ ಇದ್ದೇನೆ ಎಂದು ತಿಳಿ. ಬೇರೆ ಸುದ್ದಿ ಏನು ಬೇಕು ನಿನಗೆ?

ಕೊರಳಿಗೆ ರಜೆ, ಕೈಗೆ ಸಜೆ;
ಬಟ್ಟಲ ಬಾಯಲ್ಲಿ ನನ್ನ ಮಜೆ.

ಅಲ್ಲಿಯ ಕೆಲಸ ಮಾರ್ಚ್ ತನಕ ಎಂದು ನೀನು ಹೋಗುವಾಗ ಹೇಳಿದ್ದೆ. ಹಬ್ಬಕ್ಕೆ ಆಗದಿದ್ದರೆ ಆಗ ಬರುವೆಯಲ್ಲ? ಗಂಟು ಕಟ್ಟಿ ಇಟ್ಟಿದ್ದೇನೆ. ಆದರೆ ಹಬ್ಬಕ್ಕೇ ಬಂದರೆ ಒಳ್ಳೆಯದು.

ಡಾಂಗ್

---

ಸವನ್ನಖೇತ್
೨೦ ಡಿಸೆಂಬರ್ ೨೦೧೩

ಗುರುಗಳೇ,

ಮೊನ್ನೆ ಫೋನಿನಲ್ಲಿ ಬಟ್ಟಲು ಕೇಳಿದೆ. ಎರಡು ಪೆಟ್ಟು ಹಾಕಿ, ಮೂರನೆಯದನ್ನು ತಡೆದು, ಕೇಳುವವರ ಜೀವ ಬಾಯಿಗೆ ಬಂದ ಮೇಲೆ ಬೀಳಿಸುವ ಅದೇ ಸೊಕ್ಕು. ಸದ್ಯ, ಇದು ಕಾಯಿಲೆಯವರ ಕೈಯಲ್ಲ ಎಂದು ನಿಶ್ಚಿಂತೆಯಾಯಿತು. ಪಕ್ಕದಲ್ಲಿದ್ದ ಚಿಯಾವ್, "ಏನದು, ಕರೆಗಂಟೆನಾ?" ಅಂದರು. ಹೌದು ಎಂದೆ.

ಈಗ ಬೈಗುಳಕ್ಕೆ ತಯಾರಾಗಿದ್ದೇನೆ. ತಲೆ ಬರದ ಕಾರಣ ನಾವೇ ರಟ್ಟಿನಲ್ಲಿ ತಲೆ ಮಾಡಿದೆವು. ಕಬ್ಬಿಣದ ತಂತಿ ಸಿಕ್ಕಿಸಿ, ಬಣ್ಣ ಹಚ್ಚಿ, ನಿಮ್ಮ ಮೈಗಳ ಕೊರಳಪಟ್ಟಿಗೆ ಇಳಿಸಿದರೆ ಸರಿಯಾಗಿ ಕೂರುತ್ತದೆ. ವಿಲಾಯ್‌ವನ್ ಬರೆದ ಮುದಿ ಅಧಿಕಾರಿ ಥೇಟ್ ಅವರ ಬೀದಿಯ ಮುಖಂಡ. ಮಕ್ಕಳು ಬಿದ್ದುಬಿದ್ದು ನಗುತ್ತಾರೆ. ನೀವು ಕಂಡರೆ ನಗುತ್ತೀರೋ, ಕೋಲು ತೆಗೆದುಕೊಳ್ಳುತ್ತೀರೋ.

ಇನ್ನೊಂದು ವಿಷಯ. ನನ್ನ ಅವಧಿಯನ್ನು ಇನ್ನೊಂದು ವರ್ಷ ವಿಸ್ತರಿಸಿದ್ದಾರೆ, ನಾನೂ ಒಪ್ಪಿ ಸಹಿ ಹಾಕಿದೆ. ಊರಿಗೆ ಬಂದು ಮಾಡುವುದಾದರೂ ಏನು? ಹೋದ ವರ್ಷ ನಮ್ಮ ಕೊನೆಯ ಆಟಕ್ಕೆ ಯಾರಿದ್ದರು? ಇಬ್ಬರು ಅಜ್ಜಿಯರು, ಒಂದು ನಾಯಿ. ಅದರಲ್ಲೂ ಎಚ್ಚರವಿದ್ದದ್ದು ನಾಯಿ. ಇಲ್ಲಿ ನಾನು ಪರದೆ ಕಟ್ಟಿದರೆ ಹಿತ್ತಲ ಗೋಡೆಯ ಮೇಲೂ ಜನ. ಅವರು ಬರುವುದು ಬೊಂಬೆಗೋ, ಕಂಪನಿಯ ಕೆಲಸಕ್ಕೋ, ಆಮೇಲೆ ಹಂಚುವ ಕಿತ್ತಳೆಗೋ ನನಗೆ ಗೊತ್ತಿಲ್ಲ. ಕೂತು ನೋಡುತ್ತಾರಲ್ಲ, ಅಷ್ಟು ಸಾಕು. ನೀವೇ ಹೇಳುತ್ತಿದ್ದಿರಿ, ಜನವಿದ್ದ ಕಡೆ ಪೆಟ್ಟಿಗೆ ಹೋಗಬೇಕು ಎಂದು.

ನಿಮ್ಮ ಮಾತು ಇನ್ನೂ ಬಿಡಿಸಿಕೊಂಡು ಬಂದಿಲ್ಲವೇ? ವೈದ್ಯರು ಬಡ್ಡಿ ಜಾಸ್ತಿ ಕೇಳುತ್ತಿದ್ದಾರೆ.

ಯೂಚಿನ್

---

ಸಾನ್‌ಹೆ
೧೦ ಜನವರಿ ೨೦೧೪

ಯೂಚಿನ್,

ಒಪ್ಪಿದ್ದು ಒಳ್ಳೆಯದಾಯಿತು. ಜನವಿದ್ದ ಕಡೆ ಪೆಟ್ಟಿಗೆ ಹೋಗಬೇಕು ಎಂದು ನಾನು ಹೇಳಿದ್ದು ನಿಜ.

ರಟ್ಟಿನ ತಲೆ ಆದರೂ ತಲೆಯೇ. ಆಟ ಮುಗಿದ ಮೇಲೆ ಕಿತ್ತು ಬೇರೆ ಇಡು.

ಹಬ್ಬಕ್ಕೆ ಬಾಗಿಲ ಎರಡೂ ಕಡೆ ಅಂಟಿಸುವ ಜೋಡಿ ಸಾಲಿನಲ್ಲಿ ಮೇಲಿನದನ್ನು ಬಲಗಡೆಗೆಂದು ಕೆಂಪು ಹಾಳೆಯಲ್ಲಿ ಬರೆದಿದ್ದೇನೆ. ಪ್ರತಿ ವರ್ಷದಂತೆ ಕೆಳಗಿನ ಸಾಲು ನಿನ್ನದು. ಬೇಗ ಕಳಿಸು, ಎಡಗಡೆ ಖಾಲಿ ಬಿಟ್ಟಿರುತ್ತೇನೆ.

ದೀಪ ಹಿಂದಿದ್ದರೆ ತಾನೇ ಪರದೆಗೆ ನೆರಳು

ಡಾಂಗ್

---

ಸವನ್ನಖೇತ್
೪ ಫೆಬ್ರವರಿ ೨೦೧೪

ಗುರುಗಳೇ,

ಹೊಸ ವರ್ಷದ ನಮಸ್ಕಾರ. ಇಲ್ಲಿಂದಲೇ ನೆಲಕ್ಕೆ ಹಣೆ ಮುಟ್ಟಿಸಿದ್ದೇನೆ. ನೆಲ ಬಿಸಿ ಇತ್ತು, ಬೇಗ ಎದ್ದೆ.

ಆಟ ಗೆದ್ದಿತು. ಹಾಡಿಗೆ ಬೀಜಿಂಗಿನ ಧ್ವನಿಸುರುಳಿ ಹಾಕಿದರು. ನಮ್ಮ ಸೀಮೆಯ ಹಾಡಲ್ಲ, ಏನೋ ಸಿಹಿ ಸಂಗೀತ. ನನ್ನ ಕೈ ಒಂದು ಕಡೆ, ತಾಳ ಒಂದು ಕಡೆ. ಕತ್ತೆ ಎಡವಿದ್ದು ನನಗೆ ಮಾತ್ರ ಗೊತ್ತು. ರಾಯಭಾರ ಕಚೇರಿಯ ಹಿರಿಯರು ವೇದಿಕೆಗೆ ಬಂದು ಕೈ ಕುಲುಕಿ, "ಸಾವಿರ ಭಾಷಣ ಮಾಡೋದನ್ನ ನಿನ್ನ ಕತ್ತೆ ಮಾಡ್ತು" ಅಂದರು. ಚಿಯಾವ್ ಆ ಮಾತನ್ನು ವರದಿಗೆ ಬರೆದುಕೊಂಡರು, ಕತ್ತೆ ತೆಗೆದು "ಕಲೆ" ಎಂದು ಹಾಕಿದರು.

ನಿಮಗೆ ಹಿಡಿಸದ ಒಂದು ವಿಷಯ. ಬೊಂಬೆಗಳನ್ನು ಈಗ ಬಾಗಿಲ ಬಳಿ ಗಾಜಿನ ಬೀರುವಿನಲ್ಲಿ ನಿಲ್ಲಿಸಿದ್ದಾರೆ, ತಲೆ ಸಮೇತ. ನಾನು ಕೀಳಬೇಕು ಅಂದೆ. "ರುಂಡ ಇಲ್ದಿರೋರನ್ನ ಬಾಗಿಲಲ್ಲಿ ನಿಲ್ಸಿ ಸ್ನೇಹ ಅಂದ್ರೆ ಯಾರಮ್ಮ ಒಳಗ್ ಬರ್ತಾರೆ?" ಅಂದರು ಚಿಯಾವ್. ಅವರ ಮಾತಲ್ಲೂ ನ್ಯಾಯವಿದೆ. ಒಪ್ಪಿಕೊಂಡೆ.

ನಿಮ್ಮ ಹಿಂದಿನ ಕಾಗದದಲ್ಲಿ ಮೇಲಿನ ಸಾಲು ಬಿಟ್ಟರೆ ಒಂದು ಪ್ರಾಸವೂ ಇರಲಿಲ್ಲ. ಸಿಟ್ಟೇ? ಕೆಳಗಿನ ಸಾಲು ಹೊಳೆಯಲಿಲ್ಲ, ಗದ್ದಲದಲ್ಲಿ ಮರೆತೂಬಿಟ್ಟೆ. ಇಲ್ಲಿ ಬಾಗಿಲುಗಳಿಗೆಲ್ಲ ಅಚ್ಚು ಹಾಕಿದ ಸಾಲುಗಳೇ ಬಂದವು; ಅಂಟು ಸಮೇತ. ನಿಮ್ಮ ಸಾಲು ಕಾಯಲಿ, ಬಂದಾಗ ಬಾಗಿಲಲ್ಲೇ ನಿಂತು ಹೇಳುತ್ತೇನೆ. ಕೊನೆಗೂ ರಜೆ ಒಪ್ಪಿದ್ದಾರೆ. ಚಿಂಗ್‌ಮಿಂಗ್ ಹೊತ್ತಿಗೆ, ಹಿರಿಯರ ಗೋರಿ ಗುಡಿಸುವ ದಿನಕ್ಕೆ ಬರುತ್ತೇನೆ. ನಿಮ್ಮ ಗುರುಗಳ ಗೋರಿಗೆ ಇಬ್ಬರೂ ಹೋಗೋಣ. ಆಮೇಲೆ ತಲೆಗಂಟು, ಅದರ ಜೊತೆಗೆ ಆ ಕಿವಿಮಾತು.

ಇದರೊಡನೆ ಒಂದು ಶೀಶೆ ಕಾಡುಜೇನು. ಕೊರಳಿಗೆ ಒಳ್ಳೆಯದಂತೆ. ವಿಲಾಯ್‌ವನ್ ತಾಯಿ ಕೊಟ್ಟದ್ದು.

ಯೂಚಿನ್

---

ಸವನ್ನಖೇತ್
೩ ಮಾರ್ಚ್ ೨೦೧೪

ಗುರುಗಳೇ,

ಉತ್ತರ ಬರಲಿಲ್ಲ. ಜೇನು ಬಂತೇ? ಚಿಕ್ಕಪ್ಪನಿಗೆ ಫೋನ್ ಮಾಡಿದರೆ ಮತ್ತೆ ಹಿತ್ತಲ ಕಥೆ. ಅಲ್ಲಿಯ ಚಳಿಯಲ್ಲಿ ಅಷ್ಟು ಹೊತ್ತು ಹಿತ್ತಲಲ್ಲಿ ಯಾರು ಇರುತ್ತಾರೆ?

ಗಾಜಿನ ಬೀರುವಿನ ಸಿಟ್ಟಾದರೆ ಕೇಳಿ. ವಿಲಾಯ್‌ವನ್ ಬೀರುವಿನ ಬೀಗದ ಕೈ ಎಲ್ಲಿರುತ್ತದೆ ಎಂದು ಪತ್ತೆ ಮಾಡಿದ್ದಾಳೆ. ತರಗತಿ ಮುಗಿದ ಮೇಲೆ ತಲೆ ಕಿತ್ತು ತನ್ನ ಕರವಸ್ತ್ರದಲ್ಲಿ ಕಟ್ಟಿ, ಬೆಳಿಗ್ಗೆ ಬಂದು ಸಿಕ್ಕಿಸುತ್ತಾಳೆ. "ಪಾಪ, ಅವ್ರಿಗೂ ನಿದ್ದೆ ಬೇಡ್ವಾ ಆಚಾನ್?" ಅನ್ನುತ್ತಾಳೆ. ನಾನು ಯಾರಿಗೂ ಹೇಳಿಲ್ಲ. ಇಲ್ಲಿ ಬಂದು ನಾನು ಏನಾದರೂ ಕಲಿಸಿದ್ದರೆ ಅದು ಇದೊಂದೇ ಇರಬೇಕು, ಅದೂ ಪಾಠಪಟ್ಟಿಯಲ್ಲಿಲ್ಲ.

ನಾಳೆ ಮತ್ತೆ ಫೋನ್ ಮಾಡುತ್ತೇನೆ. ಮಾತು ಬೇಡ, ಪ್ರಾಸವೂ ಬೇಡ. ಬಟ್ಟಲು ಬಾರಿಸಿ, ಸಾಕು.

ಯೂಚಿನ್

---

ಸಾನ್‌ಹೆ
೫ ಏಪ್ರಿಲ್ ೨೦೧೪, ಚಿಂಗ್‌ಮಿಂಗ್

ಗುರುಗಳೇ,

ಈ ಕಾಗದಕ್ಕೆ ಅಂಚೆಚೀಟಿ ಬೇಡ. ಕಾಗದದ ಹಣದ ಜೊತೆ ಇದನ್ನೂ ನಿಮ್ಮ ಗೋರಿಯ ಮುಂದೆ ಸುಡುತ್ತೇನೆ. ಚಿಕ್ಕಪ್ಪ ಕಡ್ಡಿಪೆಟ್ಟಿಗೆ ಹಿಡಿದು ಕಾಯುತ್ತಿದ್ದಾರೆ. "ಉದ್ದ ಬರೀಬೇಡ, ಅವ್ರಿಗೆ ಕನ್ನಡಕ ಹಾಕಿ ಕಳ್ಸಿಲ್ಲ" ಅನ್ನುತ್ತಿದ್ದಾರೆ.

ಹಿಂದಿನ ಕಾಗದ ಬರೆದ ಮರುದಿನ ಫೋನ್ ಮಾಡಿ, "ಬಟ್ಟಲು ಬಾರಿಸ್ಲಿ, ಆಮೇಲೆ ಇಡ್ತೀನಿ" ಎಂದೆ. ಚಿಕ್ಕಪ್ಪ ಫೋನ್ ಕೆಳಗಿಟ್ಟ ಸದ್ದಾಯಿತು. ಆಮೇಲೆ ಬಟ್ಟಲು ಕೇಳಿಸಿತು. ಒಂದು, ಎರಡು, ಮೂರು. ಗಡಿಯಾರದ ಹಾಗೆ, ಸರಿಯಾಗಿ. ಮೂರನೆಯದು ತಡೆಯಲೇ ಇಲ್ಲ.

"ಚಿಕ್ಕಪ್ಪ, ಇದು ನಿಮ್ ಕೈ" ಎಂದೆ.

"ಹೂಂ ಕಣಮ್ಮ" ಅಂದರು. ಆಮೇಲೆ ಅತ್ತರು. ನೀವು ಹೋಗಿ ಆಗಲೇ ದಿನಗಳಾಗಿದ್ದವು. ಹೊಸ ವರ್ಷದ ಹದಿನೈದನೇ ದಿನ, ಲಾಂದ್ರದ ಹಬ್ಬದ ಸಂಜೆ, ಬೀದಿಯಲ್ಲಿ ಮಕ್ಕಳು ಲಾಂದ್ರ ಹಿಡಿದು ಓಡಾಡುವಾಗ ಹೋದಿರಂತೆ. ನನಗೆ ಹೇಳಬಾರದು ಎಂದು ನೀವು ಬೆರಳಲ್ಲೇ ಆಣೆ ಹಾಕಿಸಿದ್ದಿರಂತೆ: ಅವಳಾಗಿ ಬರಲಿ, ಹೆಣಕ್ಕಾಗಿ ಓಡಿಬರುವುದು ಬೇಡ, ಸರಕಾರದ ಕೆಲಸ, ಹೆಸರು ಕೆಟ್ಟೀತು. ಇಷ್ಟನ್ನು ಬೆರಳಲ್ಲಿ ಹೇಗೆ ಹೇಳಿದಿರಿ? ನನಗೆ ಒಂದು ಸಾಲಲ್ಲಿ ಬರೆಯಬಹುದಾಗಿತ್ತು. ಊತವಲ್ಲ, ಕ್ಯಾನ್ಸರ್ ಹುಣ್ಣು. ಮಾತು ಒತ್ತೆ ಇಟ್ಟದ್ದಲ್ಲ, ಹೋದದ್ದೇ. ನಾನು ನಿಮ್ಮ ಹಾಡು ಬೇಕೆಂದು ಮೊದಲ ಕಾಗದ ಬರೆದಾಗಲೇ ಹೋಗಿತ್ತು. ಹಬ್ಬಕ್ಕೇ ಬಂದರೆ ಒಳ್ಳೆಯದು ಎಂದು ನೀವು ಬರೆದದ್ದನ್ನು ನಾನು ಮುದುಕರ ಹಟ ಎಂದು ಓದಿದೆ.

ಚಿಯಾವ್ ಅವರೇ ಬಸ್ಸಿನ ತನಕ ಬಂದು ಬಿಟ್ಟರು. ಒಳ್ಳೆಯ ಮನುಷ್ಯ. ಕೈಗೆ ಹಣ್ಣು ಕೊಟ್ಟು, "ಸಂತಾಪಕ್ಕೆ ಏನ್ ಹೇಳ್ಬೇಕೋ ನಂಗೆ ಗೊತ್ತಾಗ್ತಿಲ್ಲ" ಅಂದರು. ಭಾಷಾ ಕೇಂದ್ರ ನಡೆಸುವವರು. ಬೀರುವಿನ ಬೀಗದ ಕೈಯನ್ನು ಅಲ್ಲೇ, ನನ್ನನ್ನು ಬೀಳ್ಕೊಡಲು ಬಂದಿದ್ದ ವಿಲಾಯ್‌ವನ್ ಕೈಗೆ ಹಾಕಿ, "ನಂಗೂ ಗೊತ್ತಿತ್ತು, ಸಂಜೆ ಹೊತ್ತು ಆ ಕಡೆ ನೋಡ್ತಿರ್ಲಿಲ್ಲ ಅಷ್ಟೇ" ಅಂದರು.

ನಿಮ್ಮ ಬಾಗಿಲ ಬಲಗಡೆ ಕೆಂಪು ಹಾಳೆ ಹಾಗೇ ಇದೆ. ಸಾವಿನ ಮನೆಯಲ್ಲಿ ಕೆಂಪು ಇರಬಾರದು, ಕೀಳಬೇಕು ಎಂದು ಊರವರು ಅಂದರಂತೆ. "ಒಂಟಿ ಸಾಲು, ಇನ್ನೂ ಮುಗ್ದಿಲ್ಲ, ಮುಗೀದೆ ಇರೋದನ್ನ ಹೆಂಗ್ ಕೀಳ್ಲಿ?" ಎಂದು ಚಿಕ್ಕಪ್ಪ ಜಗಳವಾಡಿ ಉಳಿಸಿದ್ದಾರೆ. ಎಡಗಡೆ ಅಂಟು ಸವರಿದ ಗುರುತಿದೆ. ನೀವೇ ಸವರಿದ್ದಂತೆ. ಒಣಗಿ ಬಿರುಕು ಬಿಟ್ಟಿದೆ.

ತಲೆಗಂಟು ಚಿಕ್ಕಪ್ಪನ ಹತ್ತಿರವಿತ್ತು. ಅವರು ಅದನ್ನು ಎರಡೂ ಕೈಯಲ್ಲಿ ಕೊಡಲು ಬಂದು, "ನಾನು ಹಾಡೋನಲ್ಲ, ಬರೀ ಬೊಂಬೆ ಆಡ್ಸೋನು, ನನ್ ಕೈಯಿಂದ ಕೊಟ್ರೆ ಆಗತ್ತೋ ಇಲ್ವೋ" ಎಂದು ತಡೆದು, ಕೊನೆಗೆ ನಿಮ್ಮ ಕುರ್ಚಿಯ ಮೇಲಿಟ್ಟರು. ನಾನು ಕುರ್ಚಿಯಿಂದ ತೆಗೆದುಕೊಂಡೆ. ಜೇನಿನ ಶೀಶೆ ಪಕ್ಕದಲ್ಲೇ ಇತ್ತು, ಮುಚ್ಚಳ ತೆಗೆದಿರಲಿಲ್ಲ.

ಕಿವಿಮಾತು ಕೇಳಿದೆ. ಇಷ್ಟು ವರ್ಷ ಪಕ್ಕದಲ್ಲೇ ಇದ್ದವರಲ್ಲವೇ ಚಿಕ್ಕಪ್ಪ? ಯೋಚಿಸಿ ಯೋಚಿಸಿ, "ಆಟ ಮುಗೀತಿದ್ ಹಾಗೇ ನಾನು ಉಚ್ಚೆಗೆ ಓಡ್ತಿದ್ದೆ ಕಣಮ್ಮ. ಒಂದಿನಾನೂ ಕೇಳ್ಸ್ಕೊಂಡಿಲ್ಲ" ಅಂದರು. ಇಬ್ಬರೂ ನಕ್ಕೆವು. ಆ ಮಾತು ಇನ್ನು ಯಾರ ಬಳಿಯೂ ಇಲ್ಲ. ವಿಲಾಯ್‌ವನ್‌ಗೆ ಏನು ಹೇಳಲಿ?

ನಿನ್ನೆ ಸಂಜೆ ಅಂಗಳದಲ್ಲಿ ಪರದೆ ಕಟ್ಟಿದೆವು. ಮೈಗಳೆಲ್ಲ ದೂರದ ಸವನ್ನಖೇತ್‌ನ ಮೆಕಾಂಗ್ ನದಿ ದಂಡೆಯಲ್ಲಿ, ಗಾಜಿನ ಬೀರುವಿನಲ್ಲಿ. ಇಲ್ಲಿ ಇದ್ದದ್ದು ತಲೆ ಮಾತ್ರ. ತಲೆಗಳನ್ನೇ ಆಡಿಸಿದೆವು. ಸೇನಾಪತಿ ಕತ್ತಿಯಿಲ್ಲದೆ ಬಂದ. ಸೊಸೆ ಕಾಲಿಲ್ಲದೆ ನಡೆದಳು. ಕತ್ತೆಯ ತಲೆಯಷ್ಟೇ ಪರದೆಯುದ್ದಕ್ಕೂ ತೇಲಿಹೋಯಿತು. ಬೇಲಿಯಾಚೆ ನೂಡಲ್ಸ್ ಅಂಗಡಿಯವಳು ನಿಂತಿದ್ದಳು, ಒಳಗೆ ಕರೆದರೂ ಬರಲಿಲ್ಲ. ನಾನು ಹಾಡಲು ಹೋದೆ, ಎರಡನೇ ಸಾಲಿಗೆ ಕೊರಳು ನಿಂತಿತು. ಚಿಕ್ಕಪ್ಪ ಒಂದು ಕೈಯಲ್ಲಿ ತಲೆ ಹಿಡಿದು ಇನ್ನೊಂದು ಕೈಯಲ್ಲಿ ಬಟ್ಟಲು ಬಾರಿಸುತ್ತಿದ್ದರು. ಒಂದು, ಎರಡು. ಮೂರನೆಯದಕ್ಕೆ ಎತ್ತಿದ ಅವರ ಕೈ ಹಾಗೇ ನಿಂತಿತು. ನನಗಾಗಿ ಕಾದರೋ, ನಿಮ್ಮನ್ನು ನೆನೆದರೋ. ಬಹಳ ಹೊತ್ತು ಬೀಳಲಿಲ್ಲ.

ಮುಗಿದ ಮೇಲೆ ಒಂದೊಂದೇ ತಲೆಯನ್ನು ಬಟ್ಟೆಗೆ ಸುತ್ತಿದೆ. ನಾಳೆ ಕೈಯಲ್ಲೇ ಹೊತ್ತುಕೊಂಡು ಹೋಗುತ್ತೇನೆ, ಸಾಮಾನಿಗೆ ಹಾಕುವುದಿಲ್ಲ. ಸುತ್ತುವ ಮೊದಲು ಮುದಿ ಅಧಿಕಾರಿಯ ಕಿವಿಗೆ ಬಾಯಿಟ್ಟೆ. ನಿಮ್ಮ ಮಾತು ಗೊತ್ತಿಲ್ಲ. ಸುಮ್ಮನೆ ಇಡಲು ಮನಸ್ಸಾಗಲಿಲ್ಲ. ಅದಕ್ಕೇ ನಿಮ್ಮ ಮೇಲಿನ ಸಾಲು ಹೇಳಿ, ಕೆಳಗೆ ನನ್ನದನ್ನು ಸೇರಿಸಿದೆ. ಐದು ತಲೆಗೂ ಅದನ್ನೇ ಹೇಳಿದ್ದೇನೆ. ಈಗ ಬಿಳಿ ಹಾಳೆಯಲ್ಲಿ ಬರೆದು ಬಾಗಿಲ ಎಡಗಡೆ ಅಂಟಿಸಿ ಬಂದಿದ್ದೇನೆ. ತಡವಾಯಿತು, ಬೈಯಿರಿ.

ದೀಪ ಹಿಂದಿದ್ದರೆ ತಾನೇ ಪರದೆಗೆ ನೆರಳು
ನೀವು ಮುಂದಿದ್ದರೆ ತಾನೇ ಹಾಡಿಗೆ ಕೊರಳು

ಯೂಚಿನ್